ನಮ್ಮ ಟ್ರಸ್ಟಿನ ಲೋಗೋ ರಸೀದಿ ಪುಸ್ತಕದಲ್ಲಿ ಕರಿ ಉಂಡೆಯಾಗುತ್ತದೆ, ಏನು ಮಾಡಲಿ?

ಹೋಬಳಿ ಲೈಬ್ರರಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿಯಲ್ಲಿ ನಾವು ಒಂಬತ್ತು ಜನ ಸೇರಿ ಮಕ್ಕಳ ಲೈಬ್ರರಿ, ಸಂಜೆ ಪಾಠ ನಡೆಸುತ್ತೇವೆ. ನೋಂದಾಯಿಸಿದ ಟ್ರಸ್ಟ್, ಹನ್ನೊಂದು ವರ್ಷ ಆಯಿತು. ಶುರುವಿನಲ್ಲೇ ತಾಲೂಕಿನ ಒಂದು ಡಿಟಿಪಿ ಅಂಗಡಿಯಲ್ಲಿ ಲೋಗೋ ಮಾಡಿಸಿದ್ದೆವು. ಅವತ್ತು ಅಂಗಡಿಗೆ ಹೋದವರು ಐದು ಜನ. ಒಬ್ಬರು ದೀಪ ಬೇಕು ಅಂದರು, ಒಬ್ಬರು ತೆರೆದ ಪುಸ್ತಕ, ಇನ್ನೊಬ್ಬರು ಉದಯಿಸುವ ಸೂರ್ಯ, ಮತ್ತೊಬ್ಬರು ಕೈ ಹಿಡಿದ ಕೈ. ನಾನು ಮರ ಅಂದೆ. ಐದೂ ಇವೆ. ಸುತ್ತ ಒಂದು ವೃತ್ತ, ವೃತ್ತದೊಳಗೆ ಹದಿಮೂರು ಪದದ ಹೆಸರು, ಕೊನೆಗೆ ‘(ರಿ.)’, ಕೆಳಗೊಂದು ಸಂಸ್ಕೃತ ವಾಕ್ಯ.

ಈಗಿನ ಪರಿಸ್ಥಿತಿ: ರಸೀದಿ ಪುಸ್ತಕದಲ್ಲಿ ಅದು ಒಂದು ಕರಿ ಉಂಡೆ. ವಾಟ್ಸಾಪ್ ಡಿಪಿಯಲ್ಲಿ ಹಸಿರು ಉಂಡೆ. ಮೂಲ ಫೈಲು ನಮ್ಮ ಹತ್ತಿರ ಇಲ್ಲ, ಆ ಅಂಗಡಿ ಮುಚ್ಚಿ ನಾಲ್ಕು ವರ್ಷ ಆಯಿತು. ಒಂದು ಹಳೇ ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದನ್ನು ತೆರೆದರೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಮೇಲೆ ಟೋಪಿ, ಚುಕ್ಕಿ.

ಮುಂದಿನ ತಿಂಗಳು ಒಂದು ಕಂಪನಿಯ ಸಿಎಸ್‌ಆರ್ ವಿಭಾಗದವರು, ಅಂದರೆ ಸಮಾಜಸೇವೆಗೆ ಹಣ ಕೊಡುವವರು, ಬರುತ್ತಾರೆ. ‘ನಿಮ್ಮ ಬ್ರ್ಯಾಂಡಿಂಗ್ ಕಳಿಸಿ’ ಅಂದರು. ಬೆಂಗಳೂರಿನ ಒಬ್ಬರು 45 ಸಾವಿರ ಹೇಳಿದರು, ನಮ್ಮೂರ ಹುಡುಗ ಮೊಬೈಲಿನಲ್ಲೇ 1,500ಕ್ಕೆ ಮಾಡಿಕೊಡ್ತೀನಿ ಅಂದ. ನಮ್ಮ ವರ್ಷದ ಖರ್ಚೇ ಮೂರೂವರೆ ಲಕ್ಷ. ಎಲ್ಲಿಂದ ಶುರು ಮಾಡಲಿ?

ಮಸಿ ಮೆತ್ತಿದ ಕೈ · ಸೋಮವಾರ ರಾತ್ರಿ

ನಮಸ್ಕಾರ್ರಿ ಅಕ್ಕಾರ. ನಂದು ಗದಗಿನಾಗ ಸಣ್ಣ ಪ್ರೆಸ್ ಐತ್ರಿ, ಮೂವತ್ತು ವರ್ಷ ಆತು. ನಿಮ್ಮಂಥ ಸಂಸ್ಥೇರು ವಾರಕ್ಕೊಬ್ರು ಬರ್ತಾರ. ಬಂದವ್ರಿಗೆಲ್ಲಾ ನಾ ಒಂದ ಮಾತು ಹೇಳ್ತೇನ್ರಿ: ಮೊದ್ಲು ರಬ್ಬರ್ ಸ್ಟ್ಯಾಂಪ್ ಮಾಡಿಸ್ರಿ, ಆಮ್ಯಾಲೆ ಲೋಗೋ.

ಯಾಕಂದ್ರ ಪೇಟ್ಯಾಗ ಸಿಗೋ ಸಾದಾ ಸ್ಟ್ಯಾಂಪ್ 38 ಮಿ.ಮೀ. ಉದ್ದ, 14 ಮಿ.ಮೀ. ಅಗಲ ಇರ್ತೈತ್ರಿ. ಒಂದ ಬಣ್ಣ. ಮಸಿ ಸ್ವಲ್ಪ ಹರಡತೈತಿ. ಅದ್ರಾಗ ಎದ್ದು ಕಾಣೋ ಗುರುತು ಎಲ್ಲಿ ಬೇಕಾದ್ರೂ ಕಾಣತೈತಿ. ಅದ್ರಾಗ ಎದ್ದು ಕಾಣದ ಲೋಗೋ ಇಪ್ಪತ್ತು ಫೂಟಿನ ಬ್ಯಾನರಿನ್ಯಾಗ ಛಂದ ಕಂಡ್ರ ಏನು ಉಪಯೋಗ? ನಿಮ್ಮ ಬ್ಯಾನರ್ ವರ್ಷಕ್ಕೆರಡು ಸಲ ಹಾಕ್ತೀರಿ. ರಸೀದಿ ದಿನಾ ಹರೀತೀರಿ.

ಇನ್ನ ರೊಕ್ಕದ ಮಾತು. ಆಫ್‌ಸೆಟ್‌ನ್ಯಾಗ ಒಂದ ಬಣ್ಣಕ್ಕ ಒಂದ ಪ್ಲೇಟು. ನಿಮ್ಮ ಹಸಿರು, ಕೇಸರಿ, ಹಳದಿ ಸೂರ್ಯ, ಕರೀ ಅಕ್ಷರ ಎಲ್ಲಾ ಬೇಕಂದ್ರ ನಾಲ್ಕು ಪ್ಲೇಟು ಆಗ್ತಾವ. ರಸೀದಿ, ಲೆಟರ್‌ಹೆಡ್, ಕವರು, ಮೂರಕ್ಕೂ ಹಂಗ. ಒಂದ ಬಣ್ಣದ ಗುರುತು ಇದ್ದವ್ರು ವರ್ಷಾ ವರ್ಷಾ ಉಳಿಸ್ತಾರ.

ಸಣ್ಣಾಂವ ಇದ್ದಾಗ ನಮ್ಮೂರ ಆಸ್ಪತ್ರಿ ಗ್ವಾಡಿ ಮ್ಯಾಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇರ್ತಿತ್ರಿ, ತಲಿ ಕೆಳಗಾಗಿದ್ದು. ನೆನಪೈತಿ? ಅಕ್ಷರ ಬರದ ನಮ್ಮ ಅಜ್ಜಿಗೂ ಅದು ಏನಂತ ಗೊತ್ತಿತ್ತು. ಬ್ರಷ್ ಹಿಡಿಯಾಕ ಬರೋ ಯಾವ ಪೇಂಟರ್ರೂ ಎರಡ ನಿಮಿಷದಾಗ ತೆಗೀತಿದ್ದ. 1960ರ ದಶಕದ್ದದು. ಅದಕ್ಕಿಂತ ಗಟ್ಟಿ ಗುರುತು ನಾ ನೋಡಿಲ್ರಿ.

ಬಣ್ಣದ ಡಬ್ಬಿ · ಮಂಗಳವಾರ ಬೆಳಿಗ್ಗೆ

ವಿನ್ಯಾಸ ನನ್ನ ಹೊಟ್ಟೆಪಾಡು, ಬೆಂಗಳೂರು. ಪ್ರೆಸ್ಸಿನ ಅಣ್ಣನ ಮಾತಿಗೆ ನನ್ನದೂ ಒಂದು ಉದಾಹರಣೆ. ವನ್ಯಜೀವಿ ರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಲೋಗೋ 1961ರದ್ದು. ಆಗ ಲಂಡನ್ ಮೃಗಾಲಯದಲ್ಲಿದ್ದ ಚಿ ಚಿ ಎಂಬ ಪಾಂಡಾ ನೋಡಿ ಸಂಸ್ಥಾಪಕರಲ್ಲೊಬ್ಬರಾದ ಪೀಟರ್ ಸ್ಕಾಟ್ ಅಂತಿಮ ರೂಪ ಕೊಟ್ಟದ್ದು. ಕಪ್ಪು ಬಿಳುಪಿನ ಪ್ರಾಣಿಯನ್ನೇ ಆರಿಸಿಕೊಳ್ಳಲು ಅಚ್ಚಿನ ಖರ್ಚು ಉಳಿಯುತ್ತದೆ ಎಂಬುದೂ ಒಂದು ಕಾರಣ. ಇವತ್ತು ಅಷ್ಟು ದೊಡ್ಡದಾಗಿರುವ ಸಂಸ್ಥೆ ಶುರುವಿನಲ್ಲಿ ನಿಮ್ಮ ಹಾಗೇ ಲೆಕ್ಕ ಹಾಕಿತ್ತು.

ಈಗ ಸ್ವಲ್ಪ ಕಹಿ ಮಾತು. ಲೋಗೋದಲ್ಲಿ ಐದು ಚಿತ್ರ ಇರುವುದು ಡಿಟಿಪಿಯವನ ತಪ್ಪಲ್ಲ, ಸಮಿತಿಯ ತಪ್ಪು. ಯಾರ ಮನಸ್ಸೂ ನೋಯಬಾರದು ಅಂತ ಎಲ್ಲರ ಚಿತ್ರವನ್ನೂ ಸೇರಿಸಿದಿರಿ. ಹೊಸದಾಗಿ ಮಾಡಿಸಿದರೂ ಒಂಬತ್ತು ಜನ ಕೂತು ಒಪ್ಪಿಗೆ ಕೊಡುವುದಾದರೆ 45 ಸಾವಿರ ಕೊಟ್ಟರೂ ಒಂಬತ್ತು ಚಿತ್ರ ಬರುತ್ತವೆ. ಇಬ್ಬರನ್ನು ಆರಿಸಿ, ಅವರ ಮಾತೇ ಕೊನೆ ಅಂತ ಮೊದಲೇ ನಡವಳಿ ಪುಸ್ತಕದಲ್ಲಿ ಬರೆಯಿರಿ. ನಾನು ಕೆಲಸ ಒಪ್ಪಿಕೊಳ್ಳುವ ಮೊದಲು ಕೇಳುವ ಮೊದಲ ಪ್ರಶ್ನೆ ಅದೇ.

ಎರಡನೇ ಪ್ರಶ್ನೆ: ನಿಮ್ಮೂರಿನ ಜನ ನಿಮ್ಮನ್ನು ಏನಂತ ಕರೆಯುತ್ತಾರೆ? ಹದಿಮೂರು ಪದ ಹೇಳುತ್ತಾರಾ?

ಖಜಾಂಚಿ · ಮಂಗಳವಾರ ಮಧ್ಯಾಹ್ನ

ನಾನು ಬೇರೊಂದು ಸಣ್ಣ ಸಂಘದ ಲೆಕ್ಕ ನೋಡುವವನು. ಬ್ರ್ಯಾಂಡಿಂಗ್ ಅಂದರೆ ನನಗೆ ಮೊದಲು ನೆನಪಾಗುವುದು ಬ್ಯಾಂಕು. ನಗಬೇಡಿ.

ನಮ್ಮಲ್ಲಿ ಯಾರೋ ಉತ್ಸಾಹಿಗಳು ಲೆಟರ್‌ಹೆಡ್ಡಿನಲ್ಲಿ ಚುಟುಕು ಹೆಸರು ಮಾತ್ರ ಹಾಕಿಸಿದರು. ನೋಡಲು ಚೆನ್ನಾಗಿತ್ತು. ಪ್ಯಾನ್ ಕಾರ್ಡಿನಲ್ಲಿ, ಖಾತೆಯಲ್ಲಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಆದೇಶದಲ್ಲಿ ಉದ್ದದ ಹೆಸರು. ಒಬ್ಬ ದಾನಿ ಚುಟುಕು ಹೆಸರಿಗೆ ಚೆಕ್ ಬರೆದರು, ವಾಪಸ್ ಬಂತು. ಇನ್ನೊಂದು ಸಲ ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆವು. ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಬರುವುದು ಖಾತೆದಾರರ ಹೆಸರು, ಪೋಸ್ಟರಿನಲ್ಲಿ ಇರುವುದೇ ಬೇರೆ. ‘ಇದು ಮೋಸ ಇರಬಹುದು’ ಅಂತ ಊರಿನ ಗುಂಪಿನಲ್ಲಿ ಒಬ್ಬರು ಹಾಕಿದರು. ಅದನ್ನು ತೊಳೆಯಲು ಆರು ತಿಂಗಳು ಹಿಡಿಯಿತು.

ಆದ್ದರಿಂದ ಕರೆಯುವ ಹೆಸರು ದೊಡ್ಡದಾಗಿ ಇರಲಿ, ಕೆಳಗೆ ಸಣ್ಣಕ್ಷರದಲ್ಲಿ ನೋಂದಣಿಯಾದ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ಇರಲಿ. ಕ್ಯೂಆರ್ ಟ್ರಸ್ಟಿನ ಖಾತೆಯದ್ದೇ ಆಗಿರಲಿ, ಕಾರ್ಯದರ್ಶಿಯ ಸ್ವಂತ ನಂಬರಿನದ್ದು ಬೇಡವೇ ಬೇಡ.

ಮತ್ತೆ, ಪುಕ್ಕಟೆ ಮಾಡಿಕೊಡುವ ಡಿಸೈನರ್ ಹುಡುಕಿ ಅನ್ನುವುದು ನನ್ನ ಸಲಹೆ. ಸೇವೆ ಅಲ್ಲವೇ?

ಬಣ್ಣದ ಡಬ್ಬಿ · ಮಂಗಳವಾರ ಮಧ್ಯಾಹ್ನ

ಖಜಾಂಚಿಯವರೇ, ನಿಮ್ಮ ಆಡಿಟರ್‌ಗೂ ಪುಕ್ಕಟೆ ಮಾಡಿ ಅಂತೀರಾ? ಶಾಮಿಯಾನದವರಿಗೆ? ಅಡುಗೆಯವರಿಗೆ? ಅವರಿಗೆಲ್ಲ ಕೊಟ್ಟು ನಮ್ಮ ಹತ್ತಿರ ಬಂದಾಗ ಮಾತ್ರ ಸೇವೆ ನೆನಪಾಗುತ್ತದೆ.

ನಾನೂ ವರ್ಷಕ್ಕೆ ಒಂದೆರಡು ಕೆಲಸ ಉಚಿತವಾಗಿ ಮಾಡುತ್ತೇನೆ. ಅದರ ಕಷ್ಟ ಏನೆಂದರೆ, ದುಡ್ಡು ಕೊಟ್ಟವರು ಮೂರು ಸಲ ತಿದ್ದಿಸಿ ಸುಮ್ಮನಾಗುತ್ತಾರೆ, ಪುಕ್ಕಟೆಯವರು ಮೂವತ್ತು ಸಲ ತಿದ್ದಿಸುತ್ತಾರೆ. ಉಚಿತ ಆದರೂ ಬರವಣಿಗೆಯಲ್ಲಿ ಇರಲಿ: ಎಷ್ಟು ಮಾದರಿ, ಎಷ್ಟು ತಿದ್ದುಪಡಿ, ಯಾವ ಫೈಲು ಯಾವತ್ತು. ‘ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು’ ಅಂತ ಗಾದೆ ಇದೆ ನಿಜ, ಆದರೆ ಎಮ್ಮೆ ಯಾರ ಹೆಸರಿನಲ್ಲಿದೆ ಅಂತ ಕೇಳಲೇಬೇಕು.

ಯಾರ ಹೆಸರಿನಲ್ಲಿದೆ ಅನ್ನುವುದು ತಮಾಷೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹೊರಗಿನವರ ಕೈಯಲ್ಲಿ ಮಾಡಿಸಿದ ಲೋಗೋದಂಥ ರೇಖಾಚಿತ್ರದ ಹಕ್ಕು ಸಾಮಾನ್ಯವಾಗಿ ಬಿಡಿಸಿದವರದ್ದೇ. ಸಹಿ ಮಾಡಿದ ಕಾಗದದಲ್ಲಿ ವರ್ಗಾಯಿಸಿದರೆ ಮಾತ್ರ ನಿಮ್ಮದು. ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಅಂತ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ಪುಟದ ಪತ್ರ ಸಾಕು. ‘ಪೂರ್ತಿ ಅವಧಿಗೆ, ಎಲ್ಲ ಕಡೆಗೆ’ ಎಂಬ ಮಾತು ಅದರಲ್ಲಿ ಇರಲಿ. ಊರ ಹುಡುಗನಿಗೆ 1,500 ಕೊಟ್ಟರೂ ಬರೆಸಿಕೊಳ್ಳಿ.

ಖಜಾಂಚಿ · ಮಂಗಳವಾರ ಸಂಜೆ

ಸರಿ ಸ್ವಾಮಿ, ಒಪ್ಪಿದೆ. ಆಡಿಟರ್‌ಗೆ ಪುಕ್ಕಟೆ ಕೇಳಿದ್ದೆ ಒಂದು ಸಲ, ಅದೂ ನಿಜ.

ಅಕ್ಷರಹುಳು · ಮಂಗಳವಾರ ರಾತ್ರಿ

ಟೋಪಿ, ಚುಕ್ಕಿಯ ವಿಷಯಕ್ಕೆ ಬರುತ್ತೇನೆ. ನನ್ನ ಇಷ್ಟದ ವಿಷಯ, ಉದ್ದ ಆದರೆ ಕ್ಷಮಿಸಿ.

ಹಳೇ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದಿದ್ದಲ್ಲಿ ಮನೆಯ ಮೂಲ ಒಡೆಯರಾದ ಇಂಗ್ಲಿಷ್ ಅಕ್ಷರಗಳೇ ಹೊರಗೆ ಬರುತ್ತವೆ. ನಿಮ್ಮ ಫೈಲು ಕೆಟ್ಟಿಲ್ಲ, ಫಾಂಟು ಜೊತೆಯಲ್ಲಿ ಬಂದಿಲ್ಲ ಅಷ್ಟೆ. ಹಳೇ ನುಡಿ ಇಟ್ಟುಕೊಂಡ ಯಾವುದಾದರೂ ಡಿಟಿಪಿ ಅಂಗಡಿಗೆ ಒಯ್ದು ತೆರೆಸಿ, ಅಕ್ಷರಗಳನ್ನು ‘ಕರ್ವ್’ ಮಾಡಿಸಿ ಪಿಡಿಎಫ್ ತೆಗೆಸಿಕೊಳ್ಳಿ. ಕರ್ವ್ ಮಾಡಿದ ಮೇಲೆ ಅಕ್ಷರ ಚಿತ್ರವಾಗುತ್ತದೆ, ಯಾವ ಯಂತ್ರದಲ್ಲೂ ಬದಲಾಗದು. ಒಂದು ಎಚ್ಚರಿಕೆ: ಕರ್ವ್ ಮಾಡದ ಪ್ರತಿಯನ್ನೂ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಕಾಗುಣಿತ ತಿದ್ದಲಾಗದು.

ಹೊಸದನ್ನು ಮಾಡಿಸುವಾಗ ಯೂನಿಕೋಡ್ ಫಾಂಟೇ ಇರಲಿ, ಅದರಲ್ಲಿ ಕನ್ನಡಕ್ಕೆ ತನ್ನದೇ ಮನೆಗಳಿವೆ. ದುಡ್ಡಿಲ್ಲದೆ, ಪರವಾನಗಿಯ ತಲೆನೋವಿಲ್ಲದೆ ಸಿಗುವವು ಈಗ ಬೇಕಾದಷ್ಟಿವೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಟಿರೋ ಕನ್ನಡ. ಇವೆಲ್ಲ ಮುಕ್ತ ಪರವಾನಗಿಯವು, ಲೋಗೋಗೂ ಬ್ಯಾನರಿಗೂ ಬಳಸಬಹುದು. ಅನೇಕ್‌ನಲ್ಲಿ ಒಂದೇ ಮನೆತನದೊಳಗೆ ತೆಳುವಿನಿಂದ ದಪ್ಪ, ಇಕ್ಕಟ್ಟಿನಿಂದ ಅಗಲದವರೆಗೆ ಎಲ್ಲ ಇವೆ. ಬೋರ್ಡು, ಪತ್ರ, ಪೋಸ್ಟರು ಮೂರಕ್ಕೂ ಅದೊಂದೇ ಸಾಕು. ಬಲೂ ತಮ್ಮ ದುಂಡುದುಂಡಗಿದೆ, ಮಕ್ಕಳ ಕೆಲಸಕ್ಕೆ ಹೊಂದುತ್ತದೆ, ಆದರೆ ಶ್ರದ್ಧಾಂಜಲಿ ಕಾರ್ಡಿಗೆ ಹಾಕಬೇಡಿ. ಹಾಕಿದ್ದನ್ನು ಕಂಡಿದ್ದೇನೆ.

ಡಿಸೈನರ್ ಫೋಟೋಶಾಪಿನಲ್ಲಿ ‘ಸ್ತ್ರೀ’ ಅಂತ ಬರೆದು ಅಕ್ಷರ ಚೂರುಚೂರಾದರೆ ಕನ್ನಡವನ್ನು ಬೈಯಬೇಡಿ. ಹಳೇ ಆವೃತ್ತಿಯಾದರೆ ಸೆಟ್ಟಿಂಗಿನಲ್ಲಿ ‘ವರ್ಲ್ಡ್ ರೆಡಿ’ ಎಂಬ ಆಯ್ಕೆ ಇದೆ, ಅದನ್ನು ಒತ್ತಬೇಕು. ಪುಟ ಜೋಡಿಸುವ ಇನ್‌ಡಿಸೈನಿನಲ್ಲೂ ಅದೇ ಹೆಸರು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶ ಉಚಿತ, ಅದರಲ್ಲಿ ಕನ್ನಡ ನೇರವಾಗಿ ಕೂರುತ್ತದೆ.

ಇನ್ನು ಗುಂಡು ಮೊಹರು. ಇಂಗ್ಲಿಷ್ ಹೆಸರನ್ನು ವೃತ್ತದೊಳಗೆ ಸುತ್ತಿಸಿದರೆ ಅಂದವಾಗಿರುತ್ತದೆ ಅಂತ ನಾವೂ ಸುತ್ತಿಸಿದೆವು. ಮೇಲಿನ ಕಮಾನಿನಲ್ಲಿ ಅಕ್ಷರದ ಬುಡ ಒಳಗಡೆ ಬರುತ್ತದೆ, ಅಲ್ಲಿ ಜಾಗ ಇಕ್ಕಟ್ಟು. ನಮ್ಮ ಒತ್ತಕ್ಷರ ಇರುವುದೇ ಬುಡದಲ್ಲಿ. ‘ಗ್ರಾಮೀಣಾಭಿವೃದ್ಧಿ’ ಎಂಬ ಪದವನ್ನು ಸಣ್ಣ ವೃತ್ತದಲ್ಲಿ ಸುತ್ತಿಸಿ ನೋಡಿ: ಗ್ರದ ಒತ್ತು, ವೃದ ಬಾಲ, ದ್ಧಿಯ ಒತ್ತು ಒಂದರ ಮೇಲೊಂದು ಹತ್ತಿ ಕೂರುತ್ತವೆ. ನಿಮ್ಮ ಕರಿ ಉಂಡೆಗೆ ಅರ್ಧ ಕಾರಣ ಇದೇ ಇರಬೇಕು. ಹೆಸರನ್ನು ನೇರ ಸಾಲಿನಲ್ಲಿ ಬರೆಯಿರಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಎರಡು ಸಾಲಿನ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ.

ಹೋಬಳಿ ಲೈಬ್ರರಿ · ಬುಧವಾರ ಬೆಳಿಗ್ಗೆ

ಅಕ್ಷರಹುಳು ಅವರೇ, ನಮ್ಮ ಹೆಸರಿನಲ್ಲಿ ‘ಗ್ರಾಮೀಣಾಭಿವೃದ್ಧಿ’ ಇದೆ!! ‘ಸಾಂಸ್ಕೃತಿಕ’ ಕೂಡ ಇದೆ.

‘ಜನ ಏನಂತ ಕರೆಯುತ್ತಾರೆ’ ಎಂಬ ಪ್ರಶ್ನೆಗೆ ನಾನು ನೆಟ್ಟಗೆ ಯೋಚಿಸಿಯೇ ಇರಲಿಲ್ಲ. ಮಕ್ಕಳು ‘ನೀಲಿ ಬಾಗಿಲು’ ಅಂತಾರೆ. ನಾವು ಬಾಡಿಗೆಗಿರುವ ಮನೆಯ ಬಾಗಿಲು ನೀಲಿ, ಎರಡು ಹಲಗೆಯದ್ದು, ಹಳೇ ಕಾಲದ್ದು. ‘ಮಗ ಎಲ್ಲಿ?’ ಅಂದರೆ ‘ನೀಲಿ ಬಾಗಿಲಲ್ಲಿ’ ಅಂತಾರೆ ತಾಯಂದಿರು. ಟ್ರಸ್ಟಿನ ಹೆಸರು ಹೇಳಿದರೆ ಆಟೋದವರಿಗೂ ಗೊತ್ತಾಗಲ್ಲ.

ಬಣ್ಣದ ಡಬ್ಬಿ · ಬುಧವಾರ ಬೆಳಿಗ್ಗೆ

ನನ್ನ ಕೆಲಸ ಮುಗಿಯಿತು. ಹನ್ನೊಂದು ವರ್ಷದಿಂದ ನಿಮ್ಮ ಹತ್ತಿರ ಬ್ರ್ಯಾಂಡ್ ಇದೆ, ಲೋಗೋ ಒಂದೇ ಇಲ್ಲ.

ಮಸಿ ಮೆತ್ತಿದ ಕೈ · ಬುಧವಾರ ಬೆಳಿಗ್ಗೆ

ಎರಡ ಹಲಗಿ ಬಾಗಿಲಾ, ಒಂದ ಅರ್ಧ ತೆರದದ್ದು. ಸ್ಟ್ಯಾಂಪಿನ್ಯಾಗ ಲಗೂನ ಬರ್ತೈತ್ರಿ.

ಕುಡ್ಲದ ಕೊಡೆ · ಬುಧವಾರ ಸಂಜೆ

ಮಂಗಳೂರಿನಿಂದ ಒಂದು ಎಚ್ಚರಿಕೆ. ನಮ್ಮದು ಆಂಬ್ಯುಲೆನ್ಸ್ ಓಡಿಸುವ ಚಿಕ್ಕ ಸಂಘ. ಮೊದಲ ಲೋಗೋದಲ್ಲಿ ಬಿಳಿ ಮೇಲೆ ಕೆಂಪು ಅಡ್ಡಗೆರೆ ಉದ್ದಗೆರೆ ಹಾಕಿದ್ದೆವು ಮಾರಾಯ್ರೆ, ಆಸ್ಪತ್ರೆ ಅಂದರೆ ಅದೇ ಅಲ್ಲವಾ ಅಂತ. ಒಬ್ಬ ಹಿರಿಯ ವಕೀಲರು ನೋಡಿ ತೆಗೆಸಿದರು. ರೆಡ್‌ಕ್ರಾಸ್ ಗುರುತು ಯುದ್ಧಕಾಲದಲ್ಲಿ ಜೀವ ಉಳಿಸುವ ರಕ್ಷಣಾ ಚಿಹ್ನೆ. ಅದನ್ನು ಯಾರಿಗೆ ಬೇಕೋ ಅವರು ಹಾಕುವ ಹಾಗಿಲ್ಲ, ನಮ್ಮ ದೇಶದಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆ, 1960 ಅಂತಲೇ ಉಂಟು. ಔಷಧದಂಗಡಿ, ಕ್ಲಿನಿಕ್ಕು ಎಲ್ಲ ಕಡೆ ಕಾಣುತ್ತದೆ ಅಂತ ನಾವೂ ಹಾಕಿದರೆ ತಪ್ಪು ಸರಿಯಾಗುವುದಿಲ್ಲ.

ಅದೇ ರೀತಿ ಅಶೋಕ ಸ್ತಂಭದ ಸಿಂಹಗಳು. ‘ಮಾನವ ಹಕ್ಕು’ ಎಂಬ ಪದ ಹೆಸರಿನಲ್ಲಿದ್ದ ಕೂಡಲೇ ಸಿಂಹ ಹಾಕುವ ಚಾಳಿ ಕೆಲವರಿಗೆ ಉಂಟು. ಅದಕ್ಕೆ 2005ರ ಪ್ರತ್ಯೇಕ ಕಾನೂನೇ ಉಂಟು. ಗಂಡಭೇರುಂಡವೂ ರಾಜ್ಯದ ಲಾಂಛನ, ಅದರ ಗೊಡವೆಯೂ ಬೇಡ. ಎಂತ, ಸರ್ಕಾರದವರ ಹಾಗೆ ಕಾಣಬೇಕು ಎಂಬ ಆಸೆಯೇ ಇದಕ್ಕೆಲ್ಲ ಮೂಲ.

ಬೋರ್ಡಿನ ವಿಷಯ ಒಂದು. 2024ರ ತಿದ್ದುಪಡಿಯ ಮೇಲೆ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ. ಅಂಗಡಿಗಳಿಗೆ ಮಾತ್ರ ಅಂತ ತಿಳಿಯಬೇಡಿ, ಟ್ರಸ್ಟುಗಳ ಹೆಸರೂ ಆ ಪಟ್ಟಿಯಲ್ಲಿ ಉಂಟು.

ನೀಲಿ ಬಾಗಿಲು ಹೆಸರು ನನಗೆ ಭಾರೀ ಇಷ್ಟ ಆಯಿತು. ಆದರೆ ಬಣ್ಣದ ಬಗ್ಗೆ ಊರಿನಲ್ಲಿ ಒಂದು ಮಾತು ಬರುತ್ತದೆ, ನೋಡಿ ಬೇಕಾದರೆ.

ಹೋಬಳಿ ಲೈಬ್ರರಿ · ಬುಧವಾರ ರಾತ್ರಿ

ಬಂದಾಯಿತು. ಇವತ್ತು ಸಂಜೆ ಸಮಿತಿಯಲ್ಲಿ ಹೇಳಿದೆ. ಒಬ್ಬ ಹಿರಿಯ ಟ್ರಸ್ಟಿ, ‘ಹೆಸರಲ್ಲೇ ನೀಲಿ ಇಟ್ಟರೆ ನಾವು ಒಂದು ಕಡೆಯವರು ಅಂದುಕೊಳ್ಳುತ್ತಾರೆ’ ಅಂದರು. ಯಾವ ಕಡೆ ಅಂತ ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎಲ್ಲರಿಗೂ ಅರ್ಥವಾಯಿತು. ಹಾಗಾದರೆ ಕೇಸರಿ ಮಾಡೋಣವೇ, ಹಸಿರೇ, ಕೆಂಪೇ, ಹಳದಿ ಕೆಂಪೇ ಅಂತ ನಾನು ಕೇಳಿದೆ. ಒಂದೊಂದಕ್ಕೂ ಒಬ್ಬೊಬ್ಬರು ತಲೆಯಾಡಿಸಿದರು. ನಮ್ಮ ಲೈಬ್ರರಿಗೆ ಬರುವ ಅರ್ಧ ಮಕ್ಕಳು ಕಾಲೋನಿಯವರು. ಬಾಗಿಲು ನೀಲಿ ಇರುವುದಕ್ಕೆ ಅವರು ಬರುತ್ತಿಲ್ಲ, ನಾವು ಬಣ್ಣ ಬದಲಿಸಿದರೆ ಮಾತ್ರ ಅವರಿಗೆ ಅದು ಗೊತ್ತಾಗುತ್ತದೆ. ನಾನು ಅಲ್ಲಿ ಇದನ್ನು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮಂದಗಣ್ಣು · ಗುರುವಾರ ಬೆಳಿಗ್ಗೆ

ನನಗೆ ದೃಷ್ಟಿ ಕಡಿಮೆ, ಅದಕ್ಕೇ ಈ ಹೆಸರು. ರಾಜಕೀಯ ನೀವು ನೋಡಿಕೊಳ್ಳಿ, ಬಣ್ಣದ ಕಣ್ಣಿನ ಲೆಕ್ಕ ನಾನು ಹೇಳುತ್ತೇನೆ. ಬಿಳಿ ಮೇಲೆ ಹಳದಿ ಅಕ್ಷರ ನನ್ನ ಪಾಲಿಗೆ ಖಾಲಿ ಕಾಗದ. ತಿಳಿ ಹಸಿರು, ತಿಳಿ ಕೇಸರಿಯೂ ಹೆಚ್ಚು ಕಡಿಮೆ ಅಷ್ಟೆ. ಗಾಢ ನೀಲಿ ಚೆನ್ನಾಗಿ ಕಾಣುತ್ತದೆ. ಜಾಲತಾಣಗಳಿಗೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ: ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ, ದೊಡ್ಡ ಅಕ್ಷರಕ್ಕೆ 3:1. ಅಳೆದು ಹೇಳುವ ಉಚಿತ ಉಪಕರಣಗಳು ಸಿಗುತ್ತವೆ. ಅದೂ ಬೇಡವಾದರೆ ಪೋಸ್ಟರಿನ ಕಪ್ಪು ಬಿಳುಪು ಜೆರಾಕ್ಸ್ ತೆಗೆದು ಓದಿ.

ಇನ್ನೊಂದು. ವಾಟ್ಸಾಪಿನಲ್ಲಿ ಇಡೀ ಆಹ್ವಾನವನ್ನು ಚಿತ್ರ ಮಾಡಿ ಕಳಿಸುತ್ತೀರಿ, ನನ್ನ ಫೋನು ಅದನ್ನು ಓದಿ ಹೇಳುವುದಿಲ್ಲ. ಜೊತೆಗೆ ಮೂರು ಸಾಲು ಪಠ್ಯ ಹಾಕಿ: ಎಲ್ಲಿ, ಯಾವಾಗ, ಯಾರಿಗೆ ಫೋನ್ ಮಾಡಬೇಕು. ಇದಕ್ಕೆ ಡಿಸೈನರ್ ಬೇಕಿಲ್ಲ.

ಕಡಲಾಚೆಯ ಕನ್ನಡಿಗ · ಗುರುವಾರ ರಾತ್ರಿ

ನಾನು ಅಮೆರಿಕದಲ್ಲಿದ್ದೇನೆ, ಇಲ್ಲಿನ ಕನ್ನಡ ಕೂಟದವರು ಸೇರಿ ಊರಿನ ಸಂಸ್ಥೆಗಳಿಗೆ ಆಗಾಗ ಸಹಾಯ ಮಾಡುತ್ತೇವೆ. ಕೊಡುವವರ ಕಡೆಯಿಂದ ಒಂದು ಮಾತು: ಲೋಗೋ ಯಾರೂ ನೋಡುವುದಿಲ್ಲ, ಫೋಟೋ ನೋಡುತ್ತಾರೆ. ಮಕ್ಕಳ ಮುಖ ಹತ್ತಿರದಿಂದ ತೆಗೆದದ್ದು, ಕಣ್ಣಲ್ಲಿ ಭಾವನೆ ಇರುವುದು ಕಳಿಸಿ. ಹರಿದ ಅಂಗಿ, ಸೋರುವ ಚಾವಣಿ ಇದ್ದರೆ ಅದೂ ಬರಲಿ. ಕಟುವಾಗಿ ಕೇಳಿಸಬಹುದು, ಆದರೆ ಕೆಲಸ ಮಾಡುತ್ತದೆ.

ಹೋಬಳಿ ಲೈಬ್ರರಿ · ಗುರುವಾರ ರಾತ್ರಿ

ಸರ್, ಅದು ಆಗಲ್ಲ. ಆ ಮಗುವಿನ ತಾಯಿ ನನಗೆ ದಿನಾ ಹಾಲು ಕೊಡುವವರು. ಫೋಟೋ ಒಂದು ದಿನ ಅವರ ಫೋನಿಗೇ ಬರುತ್ತದೆ.

ಬಣ್ಣದ ಡಬ್ಬಿ · ಗುರುವಾರ ರಾತ್ರಿ

ಕಾನೂನೂ ಸೇರಿಸುತ್ತೇನೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಗುರುತು ತಿಳಿಯುವ ಹಾಗೆ ಹೆಸರು, ಚಿತ್ರ, ಶಾಲೆಯ ವಿವರ ಪ್ರಕಟಿಸುವಂತಿಲ್ಲ. ನಿಮ್ಮ ಲೈಬ್ರರಿ ಮಕ್ಕಳು ಆ ಗುಂಪಿಗೆ ಸೇರದಿದ್ದರೂ ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ, ಕನ್ನಡದಲ್ಲಿ ಇರಲಿ, ಓದಿ ಹೇಳಿ ಸಹಿ ಹಾಕಿಸಿ.

ಚಿತ್ರಕ್ಕೆ ದಾರಿ ಬೇಕಾದಷ್ಟಿವೆ. ಪುಸ್ತಕದ ಮೇಲೆ ಬಗ್ಗಿದ ತಲೆಗಳನ್ನು ಹಿಂದಿನಿಂದ ತೆಗೆಯಿರಿ. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ ತೆಗೆಯಿರಿ, ಎಷ್ಟು ಜನ ಬಂದಿದ್ದಾರೆ ಅಂತ ಎಣಿಸಬಹುದು. ಪುಸ್ತಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಇಪ್ಪತ್ತು ತಾರೀಖಿನ ಸೀಲು ಬಿದ್ದದ್ದನ್ನು ತೆಗೆಯಿರಿ. ಆ ಒಂದು ಚೀಟಿ ನಿಮ್ಮ ವಾರ್ಷಿಕ ವರದಿಯ ಮುಖಪುಟ ಆಗಬಹುದು. ನಾನಾದರೆ ಅದನ್ನೇ ಮಾಡುತ್ತಿದ್ದೆ.

ಖಜಾಂಚಿ · ಶುಕ್ರವಾರ

ಕಡಲಾಚೆಯವರು ಬಂದ ಮೇಲೆ ನನ್ನ ಕೆಲಸ ಶುರು. ಪೋಸ್ಟರಿನಲ್ಲಿ ‘ವಿದೇಶದಿಂದಲೂ ದೇಣಿಗೆ ನೀಡಿ’ ಅಂತ ಯಾರಾದರೂ ಚಂದದ ಅಕ್ಷರದಲ್ಲಿ ಬರೆದುಬಿಟ್ಟಾರು, ಬೇಡ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಪ್ರಕಾರ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ವಿದೇಶಿ ಪೌರತ್ವ ಇರುವವರಿಂದ ತೆಗೆದುಕೊಳ್ಳುವಂತಿಲ್ಲ, ಅವರು ಕನ್ನಡಿಗರೇ ಆಗಿದ್ದರೂ. ನೋಂದಣಿ ಇದ್ದರೂ ಹಣ ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ಬೇರೆ ಮಾತು.

ಕಡಲಾಚೆಯ ಕನ್ನಡಿಗ · ಶುಕ್ರವಾರ

ಸೋರುವ ಚಾವಣಿ ಮಾತು ವಾಪಸ್ ತೆಗೆದುಕೊಂಡೆ. ಚಪ್ಪಲಿ ಸಾಲಿನ ಫೋಟೋ ಇದ್ದರೆ ಕಳಿಸಿ, ನೋಡಬೇಕು ಅನ್ನಿಸುತ್ತಿದೆ.

ಊರ ಹುಡುಗ · ಶನಿವಾರ

ಆ 1,500 ರೂಪಾಯಿ ಹುಡುಗ ನಾನೇ. ಅಕ್ಕ ಈ ಚರ್ಚೆಯ ಕೊಂಡಿ ಕಳಿಸಿದರು. ನಾನು ಕ್ಯಾನ್ವಾ ಎಂಬ ಡಿಸೈನ್ ಆ್ಯಪಿನಲ್ಲಿ ಮಾಡುವುದು, ಅದರಲ್ಲಿ ತಪ್ಪೇನು? ಬೆಂಗಳೂರಿನವರೂ ಅದರಲ್ಲೇ ಮಾಡಿ 45 ಸಾವಿರ ತಗೋತಾರೆ.

ಬಣ್ಣದ ಡಬ್ಬಿ · ಶನಿವಾರ

ತಗೊಳ್ಳುವವರೂ ಇದ್ದಾರೆ ತಮ್ಮ, ಸುಳ್ಳು ಹೇಳಲಾರೆ. ಪೋಸ್ಟರು, ಆಹ್ವಾನ, ವಾಟ್ಸಾಪ್ ಚಿತ್ರಕ್ಕೆ ಕ್ಯಾನ್ವಾ ಚೆನ್ನಾಗಿದೆ. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಅದರ ದುಡ್ಡಿನ ಆವೃತ್ತಿಯನ್ನೇ ಉಚಿತವಾಗಿ ಕೊಡುತ್ತಾರೆ, ದಾಖಲೆ ಹಾಕಿ ಅರ್ಜಿ ಸಲ್ಲಿಸಿ. ಲೋಗೋಗೆ ಮಾತ್ರ ಅಲ್ಲಿರುವ ಸಿದ್ಧ ಚಿತ್ರ ಬಳಸಬೇಡ. ಅದೇ ದೀಪ, ಅದೇ ಎಲೆ ಇನ್ನೂ ಸಾವಿರ ಜನ ಬಳಸಿರುತ್ತಾರೆ. ಅದರ ಮೇಲೆ ಟ್ರೇಡ್‌ಮಾರ್ಕ್ ಹಕ್ಕೂ ಕೇಳುವಂತಿಲ್ಲ. ಬಾಗಿಲನ್ನು ನೀನೇ ಕಾಗದದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆ. ಫೋಟೋ ತೆಗೆದು ಇಂಕ್‌ಸ್ಕೇಪಿಗೆ ಹಾಕಿ ‘ಟ್ರೇಸ್ ಬಿಟ್‌ಮ್ಯಾಪ್’ ಕೊಡು, ರೇಖೆ ಆಗುತ್ತದೆ. ವಕ್ರವಾದ ಬಿಂದುಗಳನ್ನು ಅಳಿಸುತ್ತಾ ಹೋಗು. ಎರಡು ಸಂಜೆ ಹಿಡಿಯಬಹುದು. ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳು.

ಮಸಿ ಮೆತ್ತಿದ ಕೈ · ಶನಿವಾರ

ತಮ್ಮಾ, ಮುಗದ ಮ್ಯಾಲೆ ನಾಕ ಫೈಲ್ ತಗದಿಡು. ಎಷ್ಟ ದೊಡ್ಡದು ಮಾಡಿದ್ರೂ ಒಡೀದ ಎಸ್‌ವಿಜಿ ಒಂದು, ಕರ್ವ್ ಮಾಡಿದ ಪಿಡಿಎಫ್ ಒಂದು, ಹಿಂದ ಬಿಳಿ ಇಲ್ಲದ ಪಿಎನ್‌ಜಿ ಒಂದು, ಬರೇ ಕರೀ ಬಣ್ಣದ್ದು ಒಂದು. ಅಧ್ಯಕ್ಷರು, ಕಾರ್ಯದರ್ಶಿ, ನೀನು, ಮೂವರ ಇಮೇಲಿಗೂ ಕಳ್ಸು. ಪ್ರೆಸ್ಸಿನ್ಯಾಗಷ್ಟ ಬಿಡಬ್ಯಾಡ. ನನ್ನ ಪ್ರೆಸ್ಸರ ಏನು, ನಾಳಿ ಮುಚ್ಚಿದ್ರ?

ಫೋನಿನ್ಯಾಗ ಮಿಂಚೋ ನೀಲಿ ಅಚ್ಚಿನ್ಯಾಗ ಮಂಕ ಆಗತೈತಿ. ಮೊದ್ಲ ಒಂದ ಹಾಳಿ ತೆಗಸಿ ನೋಡ್ರಿ, ಆಮ್ಯಾಲೆ ಸಾವಿರ ಹೊಡಸ್ರಿ. ಮತ್ತ ಫ್ಲೆಕ್ಸ್ ಬ್ಯಾಡ್ರಿ, 2016ರಾಗ ಪ್ಲಾಸ್ಟಿಕ್ ಜೋಡಿ ಅದನ್ನೂ ಬಂದ್ ಮಾಡ್ಯಾರ ರಾಜ್ಯದಾಗ, ಹಾಕವ್ರು ಹಾಕತಾರ ಆ ಮಾತು ಬ್ಯಾರೆ. ಅರಿವಿ ಬ್ಯಾನರಿಗೆ ಸ್ಕ್ರೀನ್ ಪ್ರಿಂಟ್ ಮಾಡಸ್ರಿ. ತಾರೀಖು ಬರೀಬ್ಯಾಡ್ರಿ, ಹತ್ತ ವರ್ಷ ಬರ್ತೈತಿ.

ಹೋಬಳಿ ಲೈಬ್ರರಿ · ಐದು ವಾರದ ನಂತರ

ತಡವಾಯಿತು, ಕ್ಷಮಿಸಿ. ಆದದ್ದು ಹೇಳುತ್ತೇನೆ.

ಸಮಿತಿಯಲ್ಲಿ ಇಬ್ಬರನ್ನು ಆರಿಸಿದೆವು. ಅದಕ್ಕೇ ಎರಡು ಸಭೆ ಹಿಡಿಯಿತು. ಹುಡುಗ ಬಾಗಿಲನ್ನು ಹದಿನಾಲ್ಕು ಸಲ ಬರೆದ, ಹದಿನೈದನೆಯದಕ್ಕೆ ಚಿಲಕ ತೆಗೆದುಹಾಕಿದ ಮೇಲೆ ಸ್ಟ್ಯಾಂಪಿನಲ್ಲಿ ಬಿಡಿಯಾಗಿ ಕಂಡಿತು. ಎರಡು ಹಲಗೆ, ಒಂದು ಅರೆತೆರೆದದ್ದು, ನಡುವೆ ಬಿಳಿ ಜಾಗ. ಪಕ್ಕದಲ್ಲಿ ಅನೇಕ್ ಕನ್ನಡದ ದಪ್ಪ ಅಕ್ಷರದಲ್ಲಿ ಕರೆಯುವ ಹೆಸರು, ಕೆಳಗೆ ಸಣ್ಣದಾಗಿ ಹದಿಮೂರು ಪದ, ‘(ರಿ.)’ ಸಮೇತ. ಸಂಸ್ಕೃತ ವಾಕ್ಯ ಬಿಟ್ಟೆವು, ಅದರ ಅರ್ಥ ನಮ್ಮಲ್ಲಿ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ ಎಂಬುದು ಬಿಡುವಾಗ ಗೊತ್ತಾಯಿತು. ಹುಡುಗನಿಗೆ 6,000 ಕೊಟ್ಟು ಹಕ್ಕಿನ ಪತ್ರ ಬರೆಸಿಕೊಂಡೆವು. 1,500 ಸಾಕು ಅಂದ, ಖಜಾಂಚಿಯವರ ಆಡಿಟರ್ ಕತೆ ಹೇಳಿ ಒಪ್ಪಿಸಿದೆ.

ಹಿರಿಯ ಟ್ರಸ್ಟಿ ಬಣ್ಣಕ್ಕೆ ಕೊನೆಯವರೆಗೂ ಒಪ್ಪಲಿಲ್ಲ. ನಡವಳಿಯಲ್ಲಿ ಅವರ ಭಿನ್ನಾಭಿಪ್ರಾಯ ದಾಖಲಿಸಿ ಮುಂದೆ ಹೋದೆವು. ಲೈಬ್ರರಿಗೆ ಬರುತ್ತಿದ್ದಾರೆ, ನನ್ನ ಜೊತೆ ಮಾತು ಸ್ವಲ್ಪ ಕಡಿಮೆ.

ಸಿಎಸ್‌ಆರ್‌ನವರು ಬಂದರು. ಲೋಗೋ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುಸ್ತಕದ ಚೀಟಿ ನೋಡಿ ಹತ್ತು ನಿಮಿಷ ಪ್ರಶ್ನೆ ಕೇಳಿದರು. ಕಪಾಟುಗಳಿಗೆ ದುಡ್ಡು ಕೊಡುವ ಹಾಗಿದೆ, ಆದರೆ ಪ್ರತಿ ಕಪಾಟಿನ ಮೇಲೂ ಅವರ ಲೋಗೋ ನಮ್ಮದಕ್ಕಿಂತ ದೊಡ್ಡದಾಗಿ ಇರಬೇಕಂತೆ. ಇದಕ್ಕೆ ಏನು ಹೇಳಲಿ?

ಬಣ್ಣದ ಡಬ್ಬಿ · ಅದೇ ದಿನ

‘ಸಹಕಾರ’ ಎಂಬ ಪದದ ಜೊತೆ, ಕಪಾಟಿನ ಪಕ್ಕದ ಹಲಗೆಗೆ, ನಿಮ್ಮ ಗುರುತಿನಷ್ಟೇ ಎತ್ತರ. ಮುಂಭಾಗ ಪುಸ್ತಕಕ್ಕೆ ಬಿಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅಳತೆ ಬರೆಸಿ, ಮಿಲಿಮೀಟರ್‌ನಲ್ಲಿ.

ಕುಡ್ಲದ ಕೊಡೆ · ಅದೇ ದಿನ

ಬಾಗಿಲು ಹೇಗಿದೆ ಈಗ? ಫೋಟೋ ಹಾಕಿ.

ಹೋಬಳಿ ಲೈಬ್ರರಿ · ಅದೇ ರಾತ್ರಿ

ಅದೊಂದು ಹೊಸ ತಲೆನೋವು. ಮನೆ ಮಾಲೀಕರು ಹಬ್ಬಕ್ಕೆ ಬಾಗಿಲಿಗೆಲ್ಲ ಕಂದು ಬಣ್ಣ ಹೊಡೆಸುತ್ತಾರಂತೆ. ರಸೀದಿ ಪುಸ್ತಕ ಅಚ್ಚಾಗಿ ಬಂದಿದೆ, ನಾಳೆ ಬೆಳಿಗ್ಗೆ ಮೊದಲ ರಸೀದಿ ಅವರಿಗೇ ಹರಿಯೋಣ ಅಂತಿದ್ದೇವೆ. ನೀಲಿ ಪೇಂಟಿನ ಡಬ್ಬಿ ನಾನೇ ತಂದಿಟ್ಟಿದ್ದೇನೆ.